ಮಗ್ಗುಲು ಬದಲಿಸಲಾಗಿದೆ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸನ್ನು ಇನ್ಸ್‌ಪೆಕ್ಟರ್ ಬಾಗಿಲಲ್ಲೇ ಗುರುತಿಸಿದರು. ಬಟ್ಟೆ ಹೊಲಿಯುವವಳು; ಅಳತೆಯ ಟೇಪು ಕೊರಳಲ್ಲೇ ನೇತಾಡುತ್ತಿತ್ತು. ಮೂರು ವಾರದ ಹಿಂದೆಯೂ ಬಂದಿದ್ದಳು.

ಅವಳ ತಂದೆ ಒಂದು ಕಾಲದ ಲಾರಿ ಚಾಲಕ. ಪಾರ್ಶ್ವವಾಯು ಹೊಡೆದು ಆರೈಕೆ ಕೇಂದ್ರವೊಂದರ ಆರನೇ ಹಾಸಿಗೆಯಲ್ಲಿದ್ದರು. ತಾವಾಗಿ ಹೊರಳಲಾರರು. ಎರಡು ಗಂಟೆಗೊಮ್ಮೆ ಸಹಾಯಕ ಮಗ್ಗುಲು ಬದಲಿಸಬೇಕು. ಪ್ರತಿ ಸಲವೂ ಕೇಂದ್ರದ ಉಪಕರಣದಿಂದ ಮಗಳ ಫೋನಿಗೆ 'ಮಗ್ಗುಲು ಬದಲಿಸಲಾಗಿದೆ' ಎಂಬ ಹಸಿರು ಗುರುತು ಬರುತ್ತಿತ್ತು. ಅಂದು ಅವಳು ಹೇಳಿದ್ದು ಇಷ್ಟೇ: "ಯಾರೂ ಬರಲ್ಲ ಅಂತಾರೆ ಅಪ್ಪ. ನಾನು ಯಾವಾಗ ಹೋದ್ರೂ ಗೋಡೆ ಕಡೆಗೇ ಮಲಗಿರ್ತಾರೆ."

ಇನ್ಸ್‌ಪೆಕ್ಟರ್ ಅವಳ ಫೋನನ್ನೇ ಅವಳತ್ತ ತಿರುಗಿಸಿ, "ನೋಡಮ್ಮಾ, ಸಾಲಾಗಿ ಹಸಿರು. ಯಂತ್ರಕ್ಕೇನು ನಿಮ್ಮಪ್ಪನ ಮೇಲೆ ಹಗೆಯಾ?" ಎಂದಿದ್ದರು. ಹೆಡ್ ಕಾನ್‌ಸ್ಟೆಬಲ್ ನಕ್ಕಿದ್ದ. ದೂರು ದಾಖಲಾಗಿರಲಿಲ್ಲ.

ಈ ಸಲ ಅವಳು ಕೂರಲಿಲ್ಲ.

"ಅಪ್ಪನ್ನ ಆಸ್ಪತ್ರೆಗೆ ಸೇರಿಸಿದ್ದೀನಿ. ಎಡ ಸೊಂಟದಲ್ಲಿ ಹುಣ್ಣಾಗಿ ಮೂಳೆ ಕಾಣ್ತಿದೆ. ನಂಜು ರಕ್ತಕ್ಕೇರಿದೆಯಂತೆ. ಉಳೀತಾರೋ ಇಲ್ವೋ, ಡಾಕ್ಟರು ಬಾಯಿಬಿಡ್ತಿಲ್ಲ."

"ಎಷ್ಟು ದಿನದ ಹುಣ್ಣು?"

"ತಿಂಗಳ ಮೇಲಾಗಿದೆಯಂತೆ. ಮೂರು ವಾರದ ಹಿಂದೆ ಯಾರಾದ್ರೂ ನೋಡಿದ್ರೆ ಇಲ್ಲಿಗೆ ಬರ್ತಿರಲಿಲ್ಲ ಅಂದ್ರು." ಫೋನನ್ನು ಮೇಜಿನ ಮೇಲಿಟ್ಟಳು. "ಹಸಿರು ಮಾತ್ರ ಒಂದೂ ತಪ್ಪಿಲ್ಲ ಸಾರ್. ನೋಡ್ಕೊಳ್ಳಿ."

ಇನ್ಸ್‌ಪೆಕ್ಟರ್ ಫೋನನ್ನು ನೋಡಿದರು. ಅವಳ ಮುಖ ನೋಡಲು ಆಗಲಿಲ್ಲ.

ಎಫ್‌ಐಆರ್ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಲೇಖನಿ ನಿಲ್ಲಿಸಿದ. "ಮೊದಲ ಸಲ ಬಂದಿದ್ದನ್ನೂ ಬರೀಲಾ ಸಾರ್?"

"ಅದು ಆಮೇಲೆ ನೋಡೋಣ," ಎಂದು ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡರು.

ಆರೈಕೆ ಕೇಂದ್ರದ ಉದ್ದನೆಯ ಕೋಣೆಯಲ್ಲಿ ಹತ್ತು ಹಾಸಿಗೆಗಳಿದ್ದವು. ಫಿನಾಯಿಲ್ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು. ವ್ಯವಸ್ಥಾಪಕ, ಗೋಡೆಗೊರಗಿ ನಿಂತಿದ್ದ ಆಜಾನುಬಾಹು ಸಹಾಯಕನನ್ನು ತೋರಿಸಿದ.

"ಹತ್ತು ಹಾಸಿಗೆಗೂ ಇವನೊಬ್ಬನೇ ಸಾಕು ಸಾರ್. ಪೈಲ್ವಾನ್ ಅಂತಾನೇ ಕರೆಯೋದು. ಎಂಥಾ ಭಾರದವರನ್ನೂ ಮಗು ಥರ ಹೊರಳಿಸ್ತಾನೆ."

ಪೈಲ್ವಾನ್ ನೆಲ ನೋಡುತ್ತಿದ್ದ.

ಉಪಕರಣ ಅಳವಡಿಸಿದ ತಂತ್ರಜ್ಞ ಒಂದನೇ ಹಾಸಿಗೆಯ ತಲೆಯ ಬಳಿಯ ಪ್ಲಾಸ್ಟಿಕ್ ಗೂಡು ತೆರೆದು, ಕೋಟಿನ ಗುಂಡಿಯಷ್ಟು ದೊಡ್ಡ ಬಿಳಿ ಬಿಲ್ಲೆಯನ್ನು ಅಂಗೈಮೇಲಿಟ್ಟು ತೋರಿಸಿದ.

"ಇದು ಬೀಕನ್. ಒಳಗೊಂದು ಸೆಲ್ಲು. ಬ್ಲೂಟೂತ್‌ನಲ್ಲಿ ತನ್ನ ನಂಬರನ್ನ ಬಿಡದೆ ಕೂಗ್ತಾ ಇರುತ್ತೆ. ಅಷ್ಟೇ ಕೆಲಸ."

"ಯಾರು ಬಂದ್ರು ಅಂತ ಇದಕ್ಕೆ ಗೊತ್ತಾಗುತ್ತಾ?"

"ಇಲ್ಲ ಸಾರ್. ಕಣ್ಣಿಲ್ಲ, ಕಿವಿಯಿಲ್ಲ. ಬರೀ ಬಾಯಿ."

"ನಮ್ಮ ಭಾವನ ಥರ," ಎಂದ ಹೆಡ್ ಕಾನ್‌ಸ್ಟೆಬಲ್. ಯಾರೂ ನಗಲಿಲ್ಲ.

"ಕೇಳಿಸ್ಕೊಳ್ಳೋದು ಸಹಾಯಕನ ಜೇಬಲ್ಲಿರೋ ಫೋನು. ಕೂಗು ಜೋರಾಗಿದ್ರೆ ಹತ್ತಿರ, ಸಣ್ಣಗಿದ್ರೆ ದೂರ. ಸರದಿ ಹೊತ್ತಿಗೆ ಕೈಗೆಟುಕೋ ಅಷ್ಟು ಹತ್ತಿರ ಮೂರು ನಿಮಿಷ ಇದ್ರೆ ಆ ಹಾಸಿಗೆಗೆ ಹಸಿರು."

"ಮಗ್ಗುಲು ಬದಲಿಸಿದ್ದು?"

"ಅದು ಹೇಗೆ ಗೊತ್ತಾಗುತ್ತೆ ಸಾರ್? ಗಿರಾಕಿ ಅಂಗಡೀಲಿ ಯಾವ ಕಪಾಟಿನ ಮುಂದೆ ನಿಂತಿದ್ದಾನೆ, ಗೋದಾಮಲ್ಲಿ ತಳ್ಳುಗಾಡಿ ಎಲ್ಲಿದೆ, ಇಂಥದ್ದು ತಿಳಿಯೋಕೆ ಮಾಡಿದ್ದು ಇದು. 'ಮಗ್ಗುಲು ಬದಲಿಸಲಾಗಿದೆ' ಅನ್ನೋ ಸಂದೇಶ ಬರೆಸಿದ್ದು ಇವರು." ತಂತ್ರಜ್ಞ ವ್ಯವಸ್ಥಾಪಕನತ್ತ ನೋಡಿದ.

ಇಷ್ಟು ಕೇಳಿ ತಿಳಿಯಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಹಿಡಿದಿರಲಿಲ್ಲ. ಮೂರು ವಾರದ ಹಿಂದೆ ಅಷ್ಟನ್ನೂ ಇನ್ಸ್‌ಪೆಕ್ಟರ್ ಕೇಳಿರಲಿಲ್ಲ.

ಎದುರಿನ ಔಷಧಿ ಅಂಗಡಿಯವನನ್ನೂ ಲಾಂಡ್ರಿಯವನನ್ನೂ ಪಂಚ ಸಾಕ್ಷಿಗಳಾಗಿ ಕರೆಸಿ ಮಧ್ಯಾಹ್ನ ಹನ್ನೆರಡಕ್ಕೆ ಪಂಚನಾಮೆ ಶುರುವಾಯಿತು. ಆರನೇ ಹಾಸಿಗೆಯ ಬಳಿ ತಂತ್ರಜ್ಞನ ಫೋನಿಗೆ ಅದರ ಬೀಕನ್ ಎಲ್ಲೋ ದೂರದಿಂದ ಕೇಳಿಸಿತು. ಗೂಡು ಖಾಲಿ. ಅವನು ಫೋನ್ ಹಿಡಿದು ನಡೆದ. ಕೂಗು ಬಲಿಯುತ್ತ ಹೋಗಿ ಮೂಲೆಯ ಸ್ಟೂಲಿನ ಹತ್ತಿರ ಅತಿ ಜೋರಾಯಿತು. ಪೈಲ್ವಾನ್ ಕೂರುವ ಸ್ಟೂಲು. ಅದರ ಅಡಿಯಲ್ಲಿ ಕಟ್ಟಿದ್ದ ಕಾಲುಚೀಲದೊಳಗೆ ನಾಲ್ಕು ಬೀಕನ್‌ಗಳಿದ್ದವು; ಅವನು ಅಲ್ಲಿ ಕೂತರೆ ಸಾಕು, ನಾಲ್ಕೂ ಹಾಸಿಗೆಗೆ ಹಸಿರು. ಉಳಿದ ಆರು ತಂತಮ್ಮ ಹಾಸಿಗೆಗಳಲ್ಲೇ ಇದ್ದವು.

"ಎಲ್ಲ ಬಿಟ್ಟು ನಾಲ್ಕೇ ಯಾಕೆ?" ಇನ್ಸ್‌ಪೆಕ್ಟರ್ ಬಾಗಿಲಲ್ಲಿ ನಿಂತಿದ್ದ ಕೇಂದ್ರದ ನರ್ಸಮ್ಮನನ್ನು ಕೇಳಿದರು. "ಈ ನಾಲ್ವರು ಯಾರು?"

"ಭಾರದವರು ಸಾರ್. ಉಳಿದೋರು ಕಡ್ಡಿ ಹಾಗಿದ್ದಾರೆ." ಅವರ ದನಿ ಇಳಿಯಿತು. "ಹಸಿರು ನೋಡ್ಕೊಂಡು ನಾನೂ ಹೊದಿಕೆ ಸರಿಸಲಿಲ್ಲ."

ಇನ್ಸ್‌ಪೆಕ್ಟರ್ ಪೈಲ್ವಾನನತ್ತ ತಿರುಗಿದರು. "ಆ ಸ್ಟೂಲ್ ಎತ್ತಿ ಇಲ್ಲಿಡು."

ಅವನು ಬಾಗಿದ. ಅರ್ಧಕ್ಕೆ ನಿಂತ. ಕೈ ಗೋಡೆ ಹುಡುಕಿತು, ಹಣೆಯ ಮೇಲೆ ಬೆವರು ಮೂಡಿತು.

"ಯಾವಾಗಿಂದ?"

"ಎರಡು ತಿಂಗಳಾಯ್ತು ಸಾರ್. ಏಳನೇ ಹಾಸಿಗೆಯವ್ರನ್ನ ಹೊರಳಿಸ್ತಿದ್ದೆ. ಸೊಂಟದೊಳಗೆ ಏನೋ ಕಳಚಿದ ಹಾಗಾಯ್ತು."

"ಲಾರಿಯವರ ಹುಣ್ಣು ಗೊತ್ತಿತ್ತಾ?"

"ಹಾಸಿಗೆ ಮೇಲೆ ಕಲೆ ನೋಡ್ದೆ. ತಿರುಗಿಸೋಕೆ ನೋಡ್ದೆ, ಆಗ್ಲಿಲ್ಲ. ನೀರು ಕುಡಿಸೋವಾಗ ನನ್ನ ಮುಖಾನೇ ನೋಡ್ತಿದ್ರು. ನಾನು ಲೋಟ ನೋಡ್ತಿದ್ದೆ."

"ನರ್ಸಮ್ಮಂಗೆ ಒಂದು ಮಾತು ಹೇಳೋಕೇನಾಗಿತ್ತು?"

ಅವನು ಗೋಡೆ ಹಿಡಿದು ನೆಟ್ಟಗಾದ.

"ಹೆಂಡ್ತಿ ಮಕ್ಕಳೂ ಪೈಲ್ವಾನ್ ಅಂತಾನೇ ಕರೀತಾರೆ ಸಾರ್. ಕೈಲಾಗಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಭಾರದವರನ್ನು ಹೊರಳಿಸಲು ಇಬ್ಬರು ಬೇಕೆಂದು ನರ್ಸಮ್ಮ ಹೇಳಿಕೆ ಕೊಟ್ಟರು. ಒಬ್ಬನನ್ನೇ ಇಟ್ಟಿದ್ದ ವ್ಯವಸ್ಥಾಪಕ ಎರಡನೇ ಆರೋಪಿಯಾದ. ಸಂಜೆ ನಾಲ್ಕಕ್ಕೆ ಇಬ್ಬರ ಬಂಧನವೂ ಆಯಿತು. ಹೆಡ್ ಕಾನ್‌ಸ್ಟೆಬಲ್ ಕೋಳ ತೆಗೆದಾಗ ಇನ್ಸ್‌ಪೆಕ್ಟರ್ ಬೇಡವೆಂದು ತಲೆಯಾಡಿಸಿದರು.

ಠಾಣೆಗೆ ಮರಳಿ ಆಸ್ಪತ್ರೆಗೆ ಫೋನ್ ಮಾಡಿದರು. ವಾರ್ಡಿನವರು ಮಗಳ ಕೈಗೆ ಕೊಟ್ಟರು. "ಹಾಗೇ ಇದ್ದಾರೆ," ಎಂದು ಫೋನ್ ಇಟ್ಟಳು. ಇನ್ಸ್‌ಪೆಕ್ಟರ್ ಕಡತವನ್ನು ತಾವೇ ಎಳೆದುಕೊಂಡು, ದೂರುದಾರಳು ಮೂರು ವಾರದ ಹಿಂದೆಯೂ ಬಂದಿದ್ದಳೆಂದೂ ದೂರು ದಾಖಲಿಸಿಕೊಳ್ಳಲಿಲ್ಲವೆಂದೂ ಬರೆದರು. ಹೆಡ್ ಕಾನ್‌ಸ್ಟೆಬಲ್ ಬಗ್ಗಿ ಓದಿದ.

"ಕಾರಣ ಕೇಳ್ತಾರೆ ಸಾರ್ ಮೇಲಿನವ್ರು."

ಪೈಲ್ವಾನನಿಗೆ ಬಾಗಲು ಆಗುತ್ತಿರಲಿಲ್ಲ. ತಮಗೆ ಎದ್ದು ಹೋಗಲು ಏನಾಗಿತ್ತು? ಇನ್ಸ್‌ಪೆಕ್ಟರ್ ಬರೆದರು: 'ನಾನು ಕುರ್ಚಿಯಿಂದ ಏಳಲಿಲ್ಲ.' ಕೆಳಗೆ ಸಹಿ ಹಾಕಿದರು.

ಲಾಕಪ್ಪಿನಿಂದ ನರಳಿಕೆ ಕೇಳಿಸಿತು. ಚಾಪೆಯ ಮೇಲೆ ಹೇಗೋ ಉರುಳಿಕೊಂಡಿದ್ದ ಪೈಲ್ವಾನನಿಗೆ ಈಗ ಇನ್ನೊಂದು ಪಕ್ಕಕ್ಕೆ ಹೊರಳಲು ಆಗುತ್ತಿರಲಿಲ್ಲ. ಯಾರನ್ನೂ ಕರೆದಿರಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಬಾಗಿಲು ತೆಗೆದು ಭುಜ ಹಿಡಿದು ಎಳೆದ. ಆ ಮೈ ಅಲುಗಲಿಲ್ಲ.

ಇನ್ಸ್‌ಪೆಕ್ಟರ್ ಎದ್ದು ಹೋಗಿ ಸೊಂಟದ ಕೆಳಗೆ ಕೈ ಕೊಟ್ಟರು.

"ಮೆಲ್ಲಗೆ," ಎಂದರು. ಇಬ್ಬರೂ ಸೇರಿ ಅವನ ಮಗ್ಗುಲು ಬದಲಿಸಿದರು.