ಸುದ್ದಿಗೆ ಮೊದಲೇ ಹತ್ತಿದ ಬೆಂಕಿ

೧೮೫೦ರ ನವೆಂಬರ್ ಆರು, ಬುಧವಾರ ಬೆಳಿಗ್ಗೆ ವಾರೆಂಡಿ ಬಂದರಿನ ಠಾಣೆಗೆ ವರ್ತಕ ಫೆನ್‌ವಿಕ್ ಏದುಸಿರು ಬಿಡುತ್ತ ಬಂದು ದೂರು ಕೊಟ್ಟ.

"ರಾತ್ರಿ ನಮ್ಮ ಗುಡ್ಡದ ಸೌದೆರಾಶಿಗೆ ಯಾರೋ ಬೆಂಕಿ ಇಟ್ಟಿದ್ದಾರೆ, ಟಲಕ್ ಅವರೇ! ಹಿಡಿದು ಒಳಗೆ ಹಾಕಿ!"

ಠಾಣಾಧಿಕಾರಿ ಟಲಕ್‌ಗೆ ವಿವರಣೆ ಬೇಕಿರಲಿಲ್ಲ. ಪೋರ್ಟ್ ಫಿಲಿಪ್ ಸೀಮೆ ಸಿಡ್ನಿಯ ಕೈಯಿಂದ ಬಿಡಿಸಿಕೊಂಡು, ತನ್ನನ್ನು ತಾನೇ ಆಳಿಕೊಳ್ಳುವ ಬೇರೆ ವಸಾಹತಾಗುವ ಸುದ್ದಿ ಲಂಡನ್ನಿನಿಂದ ಹಡಗಿನಲ್ಲಿ ಬರಬೇಕಿತ್ತು. ಬಂದೊಡನೆ ಫೆನ್‌ವಿಕ್ ಭಾಷಣ ಮಾಡಿ ಬೆಂಕಿ ಹಚ್ಚುವುದು, ಅದನ್ನು ಕಂಡು ಗುಡ್ಡದಿಂದ ಗುಡ್ಡಕ್ಕೆ ಬೆಂಕಿ ಹಚ್ಚುತ್ತ ಹೋಗುವುದು ಎಂದು ನಿಗದಿಯಾಗಿತ್ತು. ಹಡಗು ಬರಲಿಲ್ಲ, ಬೆಂಕಿ ಮಾತ್ರ ಹತ್ತಿತು. ಒಳನಾಡಿನವರೆಗೂ ಜನ ಕೋವಿ ಹಾರಿಸಿ, ರಮ್ಮಿನ ಪೀಪಾಯಿ ಒಡೆದು, ಕುಣಿದು ಕುಪ್ಪಳಿಸಿದ್ದರು.

"ಸಿಡ್ನಿಯವರು ಬಿದ್ದು ಬಿದ್ದು ನಗ್ತಾರೆ. ಒಂದು ಸೌದೆರಾಶಿ ಕಾಯೋಕಾಗದವರು ಸೀಮೆ ಆಳ್ತಾರಂತೆ ಅಂತ!" ಫೆನ್‌ವಿಕ್ ಗೋಳಾಡಿದ. "ಭಾಷಣ ಬಾಯಿಪಾಠ ಮಾಡಿದ್ದೆ ಕಣ್ರೀ!"

ಟಲಕ್ ಕಾನ್‌ಸ್ಟೇಬಲ್ ಡೆವ್ಲಿನ್‌ನನ್ನು ಕರೆದುಕೊಂಡು ಗುಡ್ಡ ಹತ್ತಿ ಪಂಚನಾಮೆಗೆ ಕುಳಿತ.

"ಯಾವನೋ ಕುಡುಕ, ಸಾಹೇಬ್ರೇ."

"ಕುಡುಕ ಹಚ್ಚಿ ಓಡಿಹೋಗ್ತಾನೆ. ಇಲ್ಲಿ ಬೆಳಗಾಗೋವರೆಗೂ ಒಟ್ಟಿದ್ದಾರೆ. ಬೇಲಿ ಕಿತ್ತಿರೋದು ಕಾಣಲ್ವಾ?"

ಡೆವ್ಲಿನ್ ಬೂದಿ ಕೆದಕಿದ. ಎರಡು ಬಾಗಿಲ ಕೀಲುಗಳು ಸಿಕ್ಕವು, ಇನ್ನೂ ಬಿಸಿಯಾಗಿದ್ದವು.

"ಅಯ್ಯೋ, ಮನೆ ಬಾಗಿಲನ್ನೇ ತಂದು ಹಾಕಿದ್ದಾರೆ! ಎಂಥಾ ಹುಚ್ಚರಪ್ಪ ಇವರು!"

"ಬಾಗಿಲಿಲ್ಲದ ಮನೆ ಹುಡುಕು, ನಡಿ."

ಸಮುದ್ರದ ದಂಡೆಯ ಕೊನೆಯ ಗುಡಿಸಲಿಗೆ ಬಾಗಿಲಿನ ಜಾಗದಲ್ಲಿ ಗೋಣಿ ಇಳಿಬಿದ್ದಿತ್ತು. ಅದನ್ನು ಸರಿಸಿ ಹೊರಬಂದವಳು ದೋಣಿಯ ಪಾಸ್ಕೋನ ಹೆಂಡತಿ ಹೆಸ್ಟರ್. ಹುಬ್ಬು ಸುಟ್ಟು ಕರಕಲಾಗಿತ್ತು.

"ಬಾಗಿಲೆಲ್ಲಮ್ಮಾ?"

"ಮೆಲ್ಲಗೆ ಮಾತಾಡಿ. ಈಗ ತಾನೇ ನಿದ್ದೆ ಹತ್ತಿದೆ."

ಒಳಗೆ ಪಾಸ್ಕೋ ಒದ್ದೆ ಬಟ್ಟೆಯಲ್ಲೇ ಬಿದ್ದುಕೊಂಡು ಗೊರಕೆ ಹೊಡೆಯುತ್ತಿದ್ದ. ಟಲಕ್‌ನ ಎದೆ ಹಗುರಾಯಿತು. ಕಳೆದ ಚಳಿಗಾಲದಲ್ಲಿ ಬಂದರಿನ ಬಾಯಿಯ ಬಂಡೆಗಳಿಂದ ಮೀನುಗಾರರ ಹೆಣಗಳನ್ನು ಎತ್ತಿಸಿದವನು ಟಲಕ್‌ನೇ.

"ನೀನೇ ಹಚ್ಚಿದ್ದಾ?"

"ಇನ್ಯಾರು? ಗಾಳಿ ಎದ್ದಿತ್ತು, ಇವರ ದೋಣಿ ಹೊರಗಿತ್ತು. ಬಂಡೆ ಎಲ್ಲಿದೆ, ದಾರಿ ಎಲ್ಲಿದೆ ಅಂತ ಕತ್ತಲಲ್ಲಿ ಹೇಗೆ ಗೊತ್ತಾಗುತ್ತೆ? ದೀಪಸ್ತಂಭ ಕಟ್ಟಿಸಿ ಅಂತ ಸಿಡ್ನಿಗೆ ಬರೆದೂ ಬರೆದೂ ಸಾಕಾಯ್ತು. ಅಷ್ಟು ದೂರ ಕೂತವರಿಗೆ ನಾವೆಲ್ಲಿ ಕಣ್ಣಿಗೆ ಬೀಳ್ತೀವಿ?"

"ಬೇರೆ ಗುಡ್ಡದವರು ಮೋಸ ಹೋಗ್ತಾರೆ ಅಂತ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಒಂದು ದಿನ ಮುಂಚೆ ಕುಣೀಲಿ ಬಿಡು ಅಂದ್ಕೊಂಡೆ."

ಟಲಕ್ ಅವಳನ್ನು ದಸ್ತಗಿರಿ ಮಾಡಿದ. ಅವಳು ಗಂಡನಿಗೆ ಕಂಬಳಿ ಹೊದಿಸಿ, ತಕರಾರಿಲ್ಲದೆ ಹೊರಟಳು.

ಠಾಣೆಯಲ್ಲಿ ಕಾದಿದ್ದ ಫೆನ್‌ವಿಕ್ ಎಲ್ಲ ಕೇಳಿ ಟೋಪಿ ತೆಗೆದ.

"ಪಾಸ್ಕೋ ಬಂದನಲ್ಲ, ಸದ್ಯ," ಎಂದ. "ದೂರು ವಾಪಸ್ ತಗೋಬಹುದಾ?"

"ದಾಖಲಾಗಿದೆ. ಮ್ಯಾಜಿಸ್ಟ್ರೇಟರು ನೋಡ್ಕೋತಾರೆ."

"ಹಾಗಾದ್ರೆ ಜಾಮೀನಿಗೆ ನಾನೇ ನಿಲ್ತೀನಿ. ಸೌದೆ ಮತ್ತೆ ಒಟ್ಟಿಸ್ತೀನಿ. ಆದ್ರೆ ಹಡಗು ಬಂದ ದಿನ ಇವಳು ಮುಂದಿನ ಸಾಲಲ್ಲೇ ಕೂತು ನನ್ನ ಭಾಷಣ ಪೂರ್ತಿ ಕೇಳಬೇಕು."

"ಅದಕ್ಕಿಂತ ಜೈಲೇ ವಾಸಿ," ಎಂದಳು ಹೆಸ್ಟರ್.

ಡೆವ್ಲಿನ್ ಕಿಸಕ್ಕನೆ ನಕ್ಕ. ಫೆನ್‌ವಿಕ್‌ಗೂ ನಗು ತಡೆಯಲಾಗಲಿಲ್ಲ. ಟಲಕ್ ಮಾತ್ರ ತಲೆ ಬಗ್ಗಿಸಿ ವರದಿ ಮುಗಿಸಿದ: "ಆರೋಪಿ ತಪ್ಪೊಪ್ಪಿಕೊಂಡಿದ್ದಾಳೆ. ಪಶ್ಚಾತ್ತಾಪವೇನೂ ಕಾಣಲಿಲ್ಲ. ಗಂಡ ಜೀವಂತ ಮನೆಗೆ ಬಂದಿದ್ದಾನೆ."