ವಸಂತದ ಓಲಗದಲ್ಲಿ ರೇಚಣ ನಾಯಕನ ನರ್ತನ

ಚೈತ್ರಮಾಸದ ವಸಂತೋತ್ಸವದ ದಿನ ಕೆಂಬೊಳಲಿನ ರಾಜಬೀದಿಯಲ್ಲಿ ಕಾಲಿಡಲು ಎಡೆಯಿರಲಿಲ್ಲ. ಕೆಂಪು ಕಲ್ಲಿನ ಕೋಟೆಯ ಮೂಡಣ ಬಾಗಿಲಿನಿಂದ ಅರಮನೆಯ ಮಹಾದ್ವಾರದವರೆಗೆ ಇಕ್ಕೆಲಗಳಲ್ಲಿ ಇಟ್ಟಿದ್ದ ಕಲ್ಲುಬಾನಿಗಳಲ್ಲಿ ಓಕುಳಿ ತುಳುಕುತ್ತಿತ್ತು. ಪಟ್ಟದಾನೆಯ ಹಣೆಯ ಮೇಲೆ ಚಿತ್ರಕಾರರು ಬರೆದ ಬಣ್ಣದ ಬಳ್ಳಿಗಳು ಇನ್ನೂ ಹಸಿಯಾಗಿದ್ದವು. ಸುರಗಿ ಸಂಪಿಗೆಗಳನ್ನು ರಾಶಿ ಹಾಕಿಕೊಂಡ ಹೂವಾಡಗಿತ್ತಿಯರು ಮೊಳಕ್ಕೆ ಮೊಳ ಧಾರಾಳವಾಗಿ ಸೇರಿಸಿ ಕೊಡುತ್ತಿದ್ದರು. ಈ ಸಂಭ್ರಮದಲ್ಲಿ ಮುಳುಗಿದ್ದ ಪುರಜನರು, ಅರಮನೆಯ ಬಾಗಿಲುಗಳಲ್ಲಿ ಎಂದಿನ ಕಾವಲಿನವರ ಬದಲು ಗಡಿನಾಡಿನ ದಂಡಿನವರು ನಿಂತಿರುವುದನ್ನು ಗಮನಿಸಲಿಲ್ಲ.

ಗಮನಿಸಿದವನು ಅರಸ ಸೋವರಸನ ಅಂಗರಕ್ಷಕರ ನಾಯಕ ರೇಚಣ.

“ನನ್ನ ಭಟರೆಲ್ಲಿ?” ಎಂದು ಅವನು ಬಾಗಿಲಲ್ಲಿದ್ದವನನ್ನು ಕೇಳಿದನು.

“ಜನಸಂದಣಿಯನ್ನು ಕಾಯಲು ಆನೆಸಾಲೆಯ ಬಳಿಗೆ ಕಳಿಸಿದ್ದಾರೆ, ನಾಯಕರೇ. ದಂಡನಾಯಕರ ಅಪ್ಪಣೆ. ತಮ್ಮನ್ನು ಅವರಲ್ಲಿಗೆ ಕರೆತರಬೇಕೆಂದೂ ಹೇಳಿದ್ದಾರೆ.”

ಇಬ್ಬರು ಆಯುಧಪಾಣಿಗಳು ಆಗಲೇ ಅವನ ಎಡಬಲಗಳಲ್ಲಿ ಬಂದು ನಿಂತಿದ್ದರು. ಹಿಂದಿನ ರೇಚಣನಾಗಿದ್ದರೆ ಅಲ್ಲಿಯೇ ಕತ್ತಿ ಹಿರಿಯುತ್ತಿದ್ದನು. ಈಗ ಅವನು ಉಸಿರನ್ನು ನಿಧಾನವಾಗಿ ಎಳೆದುಕೊಂಡು, “ನಡೆಯಿರಿ” ಎಂದನು.

ಕೆಲವು ವರ್ಷಗಳ ಹಿಂದೆ ನದೀತೀರದ ಕಾಳಗದಲ್ಲಿ ಕುದುರೆ ಮೈಮೇಲೆ ಉರುಳಿ ರೇಚಣನ ಎಡಮಂಡಿ ಜಜ್ಜಿಹೋಗಿತ್ತು. ಈ ಕಾಲು ಇನ್ನು ದೇಹದ ಭಾರವನ್ನು ಹೊರಲಾರದೆಂದು ವೈದ್ಯರು ಕೈಚೆಲ್ಲಿದಾಗ, ರಾಜಮಾತೆ ಮೈಳಲದೇವಿಯರು ಅವನನ್ನು ಮಾಕಲೆಯ ಬಳಿಗೆ ಕಳಿಸಿದರು. ಮಾಕಲೆ ಆಸ್ಥಾನದ ಹಿರಿಯ ನರ್ತಕಿ. ರಾಜಮಾತೆ ಕನ್ನಿಕೆಯಾಗಿದ್ದಾಗ ಅವರಿಗೂ ನೃತ್ಯ ಕಲಿಸಿದ್ದವಳು ಅವಳೇ. ಮೀಸೆ ಹೊತ್ತ ಯೋಧನೊಬ್ಬ ಹುಡುಗಿಯರ ಸಾಲಿನ ಕೊನೆಯಲ್ಲಿ ನಿಂತು ಮಂಡಿ ಬಾಗಿಸುವುದನ್ನು ಕಂಡು ಪಾಳೆಯವೆಲ್ಲ ನಕ್ಕಿತು. ರೇಚಣ ಹಲ್ಲು ಕಚ್ಚಿಕೊಂಡು ನಿಂತನು. ಕಾಲು ಸರಿಹೋಯಿತು, ಆದರೆ ಸರಿಹೋದದ್ದು ಕಾಲೊಂದೇ ಆಗಿರಲಿಲ್ಲ. ಎದುರಾಳಿಯ ಪಾದ ಕದಲುವುದಕ್ಕೆ ಮೊದಲೇ ಅವನ ಮೈಭಾರ ಯಾವ ಹಿಮ್ಮಡಿಗೆ ಸರಿಯಿತೆಂಬುದು ರೇಚಣನ ಕಣ್ಣಿಗೆ ಬೀಳತೊಡಗಿತು. ಹತ್ತು ಜನ ಒಟ್ಟಿಗೆ ಮಾತಾಡುವಾಗ ಯಾರ ದನಿ ನಡುಗಿತೆಂಬುದು ಕಿವಿಗೆ ತಾಗತೊಡಗಿತು. ಎಲ್ಲಕ್ಕಿಂತ ಮಿಗಿಲಾಗಿ, ಬಿಸಿನೀರಿನ ಪಾತ್ರೆಯಂತೆ ಕ್ಷಣಕ್ಷಣಕ್ಕೆ ಉಕ್ಕುತ್ತಿದ್ದ ಅವನ ಮುಖ ಅವನ ಅಧೀನಕ್ಕೆ ಬಂದಿತು. “ಮುಖವನ್ನು ಹಿಡಿಯಲು ಹೋಗಬೇಡ, ನಾಯಕ, ಉಸಿರನ್ನು ಹಿಡಿ. ಮುಖ ಅದರ ಹಿಂದೆ ಬರುತ್ತದೆ” ಎಂದು ಮಾಕಲೆ ಹೇಳಿಕೊಡುತ್ತಿದ್ದಳು.

ದಂಡನಾಯಕ ಕಲಿದೇವರಸನು ಅರಸನ ಚಿಕ್ಕಪ್ಪ. ಆಯುಧಶಾಲೆಯಲ್ಲಿ ಒಬ್ಬನೇ ಕುಳಿತಿದ್ದ ಅವನು ರೇಚಣನನ್ನು ಕಿಟಕಿಯ ಬೆಳಕಿಗೆ ಎದುರಾಗಿ ನಿಲ್ಲಿಸಿಕೊಂಡನು.

“ನಿನ್ನ ಮುಖ ಸುಳ್ಳು ಹೇಳಲಾರದೆಂದು ನಾನು ಹಿಂದಿನಿಂದಲೂ ಬಲ್ಲೆ, ರೇಚಣ. ಅದಕ್ಕೇ ಎದುರಿಗೆ ನಿಲ್ಲಿಸಿಕೊಂಡು ಹೇಳುತ್ತಿದ್ದೇನೆ. ಈ ದಿನ ಓಲಗದಲ್ಲಿ ಹಡಪಿಗ ಕೇತ ಅರಸನಿಗೆ ಕೊಡುವ ವೀಳ್ಯವು ಕಡೆಯ ವೀಳ್ಯ. ಸಂಜೆಗೆ ಜ್ವರ ಬಂದಂತಾಗುತ್ತದೆ, ಬೆಳಗಾಗುವಷ್ಟರಲ್ಲಿ ಮುಗಿಯುತ್ತದೆ. ಪ್ರಜೆಗಳು ಬಿಸಿಲಿನ ಬಾಧೆಯೆಂದುಕೊಳ್ಳುತ್ತಾರೆ. ಆಗ ನಿನ್ನ ಭಟರು ಗಲಭೆ ಎಬ್ಬಿಸದಂತೆ ನೀನು ನೋಡಿಕೊಳ್ಳಬೇಕು. ಅವರು ನಿನ್ನ ಮಾತನ್ನಲ್ಲದೆ ಬೇರೆಯವರ ಮಾತನ್ನು ಕೇಳುವವರಲ್ಲ.”

“ನಾನು ಒಪ್ಪದಿದ್ದರೆ?”

“ಓಲಗಶಾಲೆಯಲ್ಲಿ ನಿಂತಿರುವವರೆಲ್ಲ ನನ್ನವರು. ನೀನು ಬಾಯಿ ತೆರೆದೆಯೋ, ವೀಳ್ಯದ ಕೆಲಸವನ್ನು ಕತ್ತಿ ಮಾಡುತ್ತದೆ. ಅರಸನೂ ಉಳಿಯನು, ರಾಜಮಾತೆಯೂ ಉಳಿಯಳು.”

ರೇಚಣನ ಎದೆಯೊಳಗೆ ಬೆಂಕಿ ಹತ್ತಿದಂತಾಯಿತು. ಸೋವರಸನನ್ನು ಮೊದಲ ಸಲ ಕುದುರೆಯ ಮೇಲೆ ಕೂರಿಸಿದವನು ಅವನೇ. ಕಲಿದೇವರಸನ ಕಣ್ಣುಗಳು ತನ್ನ ತುಟಿಯನ್ನೂ ಹುಬ್ಬನ್ನೂ ಹುಡುಕುತ್ತಿರುವುದನ್ನು ಅರಿತ ಅವನು ಉಸಿರನ್ನು ಹೊಟ್ಟೆಯ ತಳಕ್ಕೆ ಇಳಿಸಿದನು. ದುರಾಸೆಯ ಮನುಷ್ಯನೊಬ್ಬನನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡು, ಅವನು ಹೇಗೆ ನೋಡುವನೋ ಹಾಗೆ ನೋಡಿದನು.

“ನನ್ನನ್ನು ನೋಡಿ ಪಾಳೆಯವೆಲ್ಲ ನಕ್ಕಾಗ ಅರಸರೂ ನಕ್ಕಿದ್ದರು, ದಂಡನಾಯಕರೇ. ನನಗೇನು ಸಿಗುತ್ತದೆ, ಅದನ್ನು ಹೇಳಿ.”

ಕಲಿದೇವರಸನು ಬಹಳ ಹೊತ್ತು ನೋಡಿ, ಕೊನೆಗೆ ತೃಪ್ತನಾಗಿ ಎದ್ದನು. “ಅಶ್ವಸೇನೆ ನಿನ್ನದು. ಅಲ್ಲಿಯವರೆಗೆ ಈ ಇಬ್ಬರು ನಿನ್ನ ನೆರಳಿನಂತೆ ಇರುತ್ತಾರೆ.”

ಮಧ್ಯಾಹ್ನದ ಓಲಗ ನೆರೆಯಿತು. ಸಿಂಹಾಸನದಲ್ಲಿ ತರುಣ ಸೋವರಸನು ಓಕುಳಿಯ ಕಲೆಗಳಿದ್ದ ಬಿಳಿಯ ಉತ್ತರೀಯದಲ್ಲಿ ನಗುತ್ತ ಕುಳಿತಿದ್ದನು, ಪಕ್ಕದಲ್ಲಿ ರಾಜಮಾತೆ, ಹಿಂದೆ ವೀಳ್ಯದ ಚೀಲ ಹಿಡಿದ ಕೇತ. ರಂಗಮಂಟಪದ ಅಂಚಿನಲ್ಲಿ ಮಾಕಲೆ ತಾಳಗಳನ್ನು ಹಿಡಿದು ಮೇಳದವರೊಂದಿಗೆ ಕುಳಿತಿದ್ದಳು. ಅರಸನಿಗೂ ತನಗೂ ನಡುವೆ ಹತ್ತಾರು ಕತ್ತಿಗಳಿರುವುದನ್ನು ರೇಚಣ ಕಂಡನು. ಕೂಗಿದರೆ ಆ ಕೂಗು ತಲುಪುವ ಮೊದಲೇ ಕತ್ತಿ ತಲುಪುತ್ತದೆ. ಪಿಸುಮಾತಿಗೆ ಎಡೆಯಿಲ್ಲ. ಮಲ್ಲರು ಸೆಣಸಿದರು, ವಾಗ್ಮಿಗಳು ಹೊಗಳಿದರು. ಕೇತನ ಬೆರಳುಗಳು ಚೀಲದೊಳಗೆ ಇಳಿಯುವುದು ಕಾಣಿಸಿತು.

ರೇಚಣ ಕಲಿದೇವರಸನ ಕಡೆಗೆ ಬಾಗಿದನು. “ಎಲ್ಲರ ಕಣ್ಣೂ ಕೇತನ ಮೇಲಿದೆ, ದಂಡನಾಯಕರೇ. ಅವನ ಕೈ ನಡುಗುತ್ತಿದೆ. ಸಭೆ ನಗುವಂತೆ ಮಾಡಿದರೆ ಯಾರೂ ಅತ್ತ ನೋಡರು.”

“ಹೇಗೆ ಮಾಡುವೆ?”

“ನಾನು ಕುಣಿದರೆ ನಗದವರುಂಟೇ?”

ನೃತ್ಯವೆಂದರೆ ಹೆಂಗಸರ ಕಾಲಹರಣವೆಂದು ತಿಳಿದಿದ್ದ ಕಲಿದೇವರಸನ ಮೀಸೆಯಲ್ಲಿ ನಗೆ ಮೂಡಿತು. ಅವನು ತಲೆಯಾಡಿಸಿದನು. ರೇಚಣ ಕತ್ತಿಯನ್ನು ಬಿಚ್ಚಿ ಪಕ್ಕದವನ ಕೈಗಿತ್ತು ರಂಗಮಂಟಪಕ್ಕೆ ಇಳಿದನು.

“ಪ್ರಭುಗಳ ಅಪ್ಪಣೆಯಾದರೆ ಈ ಸೇವಕನೂ ತನ್ನ ವಿದ್ಯೆಯನ್ನು ಒಪ್ಪಿಸುವನು” ಎಂದಾಗ ಸಭೆ ಒಮ್ಮೆಲೇ ಗೊಳ್ಳೆಂದಿತು. ಸೋವರಸನೂ ಕೈತಟ್ಟಿ ಅಪ್ಪಣೆ ಕೊಟ್ಟನು.

ರೇಚಣ ಆರಿಸಿಕೊಂಡದ್ದು ಎಲ್ಲರೂ ಬಲ್ಲ ಪ್ರಸಂಗ: ಇನಿಯನಿಗಾಗಿ ಕಾದು, ವೀಳ್ಯ ಮಡಿಸಿಟ್ಟ ನಾಯಿಕೆಯದು. ಆ ಅಗಲವಾದ ಭುಜಗಳ ಮೇಲೆ ಇಲ್ಲದ ಸೆರಗನ್ನು ಎಳೆದುಕೊಂಡು ಅವನು ಕತ್ತು ಕೊಂಕಿಸಿದಾಗ ಸಾಮಂತರು ಹೊಟ್ಟೆ ಹಿಡಿದುಕೊಂಡರು. ಎಲೆಯ ತೊಟ್ಟನ್ನು ಮುರಿದನು, ಸುಣ್ಣ ಸವರಿದನು, ಅಡಕೆಯ ಹೋಳನ್ನಿಟ್ಟನು. ಆಮೇಲೆ ಬಲಗೈಯ ಬೆರಳುಗಳನ್ನು ಜೋಡಿಸಿ, ತುದಿಗಳನ್ನು ತುಸು ಬಾಗಿಸಿ, ಎಲೆಯ ಮೇಲೆ ಹಿಡಿದನು. ಅದು ಗಂಧ ಲೇಪಿಸುವುದನ್ನು ತೋರಿಸುವ ಹಸ್ತಮುದ್ರೆ. ಹೆಡೆಯೆತ್ತಿದ ಹಾವಿಗೂ ಅದೇ ಹಸ್ತ. ಸಭೆ ಗಂಧವೆಂದುಕೊಂಡು ನಕ್ಕಿತು. ಆದರೆ ತಿನ್ನುವ ಎಲೆಗೆ ಗಂಧವನ್ನು ಯಾರು ಹಚ್ಚುತ್ತಾರೆ?

ಮಾಕಲೆಯ ತಾಳ ಕ್ಷಣಕಾಲ ತೊದಲಿತು. ಅವಳು ಅವನ ಕಣ್ಣನ್ನು ನೋಡಿದಳು. ಮರುಕ್ಷಣವೇ ಹಾಡನ್ನು ವಿಳಂಬಕ್ಕೆ ಇಳಿಸಿ, ಅದೇ ಸಾಲನ್ನು ಮತ್ತೆ ಎತ್ತಿಕೊಂಡಳು. ರೇಚಣ ಮತ್ತೊಮ್ಮೆ ಎಲೆ ಮಡಿಸಿದನು, ಮತ್ತೊಮ್ಮೆ ಆ ಹೆಡೆಯನ್ನು ಅದರ ಮೇಲೆ ಬಾಗಿಸಿದನು. ಇನಿಯನಾಗಿ ತಿರುಗಿ ವೀಳ್ಯವನ್ನು ಬಾಯಿಗಿಟ್ಟುಕೊಂಡು, ಮೋಹದಿಂದ ಸೋತವನಂತೆ ಕುಸಿದನು. ಸಭೆ ಚಪ್ಪಾಳೆ ತಟ್ಟಿತು. ಅಷ್ಟರಲ್ಲಿ ಕೇತನು ಮುಂದೆ ಬಾಗಿ ನೀಡಿದ್ದ ವೀಳ್ಯ ಸೋವರಸನ ಬೆರಳುಗಳ ನಡುವೆ ಇತ್ತು. ನಗುವಿನ ಭರದಲ್ಲಿ ಅವನು ಅದನ್ನು ಬಾಯಿಗೆ ಹಾಕಿಕೊಳ್ಳುವುದನ್ನು ಮರೆತಿದ್ದನು, ಅಷ್ಟೆ.

ರೇಚಣ ನೆಲದಿಂದಲೇ ರಾಜಮಾತೆಯ ಕಡೆ ನೋಡಿದನು. ಆಕೆ ಎಲ್ಲರಂತೆ ನಗುತ್ತಿದ್ದರು. ಹಸ್ತದ ಅರ್ಥ ಅವರಿಗೂ ಹೊಳೆಯಲಿಲ್ಲವೆಂದುಕೊಂಡನು. ಅಷ್ಟರಲ್ಲಿ ನಗುನಗುತ್ತಲೇ ಮೈಳಲದೇವಿಯರು ಹಣೆಯನ್ನು ಒತ್ತಿಕೊಂಡರು. ದೇಹ ಪಕ್ಕಕ್ಕೆ ವಾಲಿತು.

“ಮಗೂ, ಕಣ್ಣು ಕತ್ತಲಿಡುತ್ತಿದೆ. ನನ್ನನ್ನು ಒಳಗೆ ಕರೆದುಕೊಂಡು ಹೋಗು. ದಾಸಿಯರು ಬೇಡ, ನೀನೇ ಬಾ” ಎನ್ನುತ್ತ ಅವರು ಆಸರೆಗೆಂಬಂತೆ ಮಗನ ಕೈಯನ್ನು ಬಿಗಿಯಾಗಿ ಹಿಡಿದರು. ಕೈಬಿಟ್ಟಾಗ ವೀಳ್ಯ ಅವರ ಮುಷ್ಟಿಯಲ್ಲಿತ್ತು.

ಸೋವರಸನು ಗಾಬರಿಯಿಂದ ತಾಯಿಯನ್ನು ತಬ್ಬಿಕೊಂಡು ಅಂತಃಪುರದ ಕಡೆಗೆ ನಡೆದನು. ಕಲಿದೇವರಸನು ಎದ್ದುನಿಂತು ಒಮ್ಮೆ ಅವರ ಕಡೆ, ಒಮ್ಮೆ ರೇಚಣನ ಕಡೆ ನೋಡಿದನು. ಅರಿವಾಗಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಆದರೆ ಅಷ್ಟರಲ್ಲಿ ರೇಚಣ ಗಲಿಬಿಲಿಯ ನಡುವೆ ರಂಗಮಂಟಪದಿಂದ ಓಡಿ ಅಂತಃಪುರದ ಬಾಗಿಲನ್ನು ತಲುಪಿದ್ದನು. ಅವನ ಬೆನ್ನ ಹಿಂದೆ, ಬಾಗಿಲಿನ ಒಳಬದಿಯಲ್ಲಿ, ಅಗಳಿ ಬಿದ್ದ ಸದ್ದು ಕೇಳಿಸಿತು.

“ಕಡಿಯಿರಿ ಅವನನ್ನು” ಎಂದನು ಕಲಿದೇವರಸ.

ನೆರಳಿನಂತಿದ್ದ ಇಬ್ಬರೂ ಮೊದಲು ನುಗ್ಗಿದರು. ಬರಿಗೈಯ ರೇಚಣನು ಅವರ ಮುಖವನ್ನು ನೋಡದೆ ಪಾದಗಳನ್ನೇ ನೋಡುತ್ತಿದ್ದನು. ಎಡಗಡೆಯವನ ಭಾರ ಮುಂಗಾಲಿಗೆ ಬಂದೊಡನೆ ಪಕ್ಕಕ್ಕೆ ಸರಿದು, ಗುರಿತಪ್ಪಿದ ಆ ತೋಳನ್ನು ತಿರುವಿ ಕತ್ತಿಯನ್ನು ಕಿತ್ತುಕೊಂಡನು. ಬಾಗಿಲು ಇಕ್ಕಟ್ಟಾಗಿತ್ತು; ಒಟ್ಟಿಗೆ ಇಬ್ಬರಿಗಿಂತ ಹೆಚ್ಚು ಜನ ಬರುವಂತಿರಲಿಲ್ಲ. ಒಳಗೆ ಕಾವಲಿನ ಹೆಂಗಸರು ಅಪಾಯದ ಭೇರಿಯನ್ನು ಬಾರಿಸತೊಡಗಿದರು. ಭೇರಿಯ ಆ ಲಯಕ್ಕೆ ಉಸಿರನ್ನು ಹೊಂದಿಸಿಕೊಂಡು ಅವನು ಕಾದಿದನು. ತೋಳು ಸೋತರೂ ಉಸಿರು ಸೋಲಲಿಲ್ಲ. ಯಾರದೋ ಭಲ್ಲೆಯ ಹಿಡಿ ಎಡಮಂಡಿಗೆ ಬಡಿಯಿತು. ಒಳಗೆ ಮೂಳೆ ಮುರಿದದ್ದು ಅವನಿಗೆ ತಿಳಿಯಿತು. ಭಾರವನ್ನೆಲ್ಲ ಬಲಗಾಲಿಗೆ ತಂದುಕೊಂಡು, ಬಾಗಿಲ ಚೌಕಟ್ಟಿಗೆ ಭುಜವನ್ನು ಒತ್ತಿ, ಅವನು ನಿಂತೇ ಇದ್ದನು. ಭೇರಿಯ ಸದ್ದಿಗೆ ಆನೆಸಾಲೆಯಿಂದ ಓಡಿಬಂದ ಅವನ ಭಟರು ಓಲಗಶಾಲೆಯನ್ನು ಹೊಕ್ಕಾಗಲೂ ಅವನು ಹಾಗೆಯೇ ನಿಂತಿದ್ದನು.

ಕಲಿದೇವರಸನು ಸೆರೆಯಾದನು. ಕೇತನು ಅರಸನ ಕಾಲ ಬಳಿ ಬಿದ್ದು, ಕೇಳುವ ಮೊದಲೇ ಎಲ್ಲವನ್ನೂ ಒಪ್ಪಿಕೊಂಡನು.

ಕಾಲು ಈ ಬಾರಿ ಮಾಕಲೆಗೂ ಮಣಿಯಲಿಲ್ಲ. ಬೇಸಗೆ ಕಳೆಯುವ ಹೊತ್ತಿಗೆ ರೇಚಣ ಅವಳ ಮನೆಯ ಜಗಲಿಯವರೆಗೆ ಊರುಗೋಲಿನಲ್ಲಿ ನಡೆದುಬರುವಷ್ಟಾಗಿದ್ದನು. ಒಂದು ಬೆಳಿಗ್ಗೆ ಅವನು ಅಲ್ಲಿ ಕುಳಿತು, ಮಾಕಲೆ ಅಂಗಳದಲ್ಲಿ ಹುಡುಗಿಯರಿಗೆ ಕಲಿಸುವುದನ್ನು ನೋಡುತ್ತಿದ್ದಾಗ ಸೋವರಸನು ಪರಿವಾರವಿಲ್ಲದೆ ಬಂದನು.

“ಆ ದಿನ ನನ್ನ ಪ್ರಾಣದ ಸಂಗತಿಯನ್ನು ನೀನು ನನ್ನ ಕಣ್ಣೆದುರಿಗೇ ಹೇಳುತ್ತಿದ್ದೆ, ರೇಚಣ. ನಾನು ನಗುತ್ತಿದ್ದೆ” ಎಂದನು ಅರಸ. “ಆಳುವವನು ಇಷ್ಟು ಕುರುಡನಾಗಿರಬಾರದು. ಅಮ್ಮಾ ಮಾಕಲೆ, ನನ್ನನ್ನು ಶಿಷ್ಯನನ್ನಾಗಿ ಸ್ವೀಕರಿಸುವಿರಾ?”

ಮಾಕಲೆ ಅರಸನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಪ್ರಭುಗಳು ಪಾದರಕ್ಷೆಯನ್ನೂ ಕತ್ತಿಯನ್ನೂ ಹೊರಗಿಟ್ಟು ಬರಬೇಕು. ಹುಡುಗಿಯರ ಸಾಲಿನ ಕೊನೆಯಲ್ಲಿ ಜಾಗವಿದೆ.”

ಸೋವರಸನು ಸೊಂಟದ ಪಟ್ಟಿಯನ್ನು ಬಿಚ್ಚಿದನು. ವಂಶಪಾರಂಪರ್ಯವಾಗಿ ಬಂದ, ಅರಸನಲ್ಲದೆ ಬೇರೊಬ್ಬರು ಮುಟ್ಟದ ಆ ಖಡ್ಗವನ್ನು ಜಗಲಿಯ ಮೇಲೆ ಕುಳಿತಿದ್ದ ರೇಚಣನ ಮಡಿಲಲ್ಲಿಟ್ಟು, ಬರಿಗಾಲಿನಲ್ಲಿ ಅಂಗಳಕ್ಕೆ ಇಳಿದನು.