ನಾಲ್ಕನೆಯ ಲೈಟು

ಶಶಿಕುಮಾರ ಪವಿತ್ರಾಳಿಗೆ ಆಡಿದ ಮೊದಲ ಮಾತೇ ಜಗಳಕ್ಕೆ ದಾರಿಯಾಯಿತು. ತೆಪ್ಪದಲ್ಲಿ ಕೂತಿದ್ದ ಅವಳು ಅವನ ದೊಡ್ಡ ಲೈಟೊಂದನ್ನು ಕುತೂಹಲಕ್ಕೆ ಹೊತ್ತಿಸಿ ಅವನ ಮುಖಕ್ಕೇ ಹಿಡಿದಿದ್ದಳು. ಅವನು ಕಣ್ಣು ಕಿರಿದು ಮಾಡಿಕೊಂಡು, "ಹಂಗೆ ನೇರ ಹಿಡೀಬೇಡಿ. ನೇರ ಹಿಡಿದ್ರೆ ಬರೀ ಕಸ ಕಾಣುತ್ತೆ" ಅಂದ.

"ನಿಮ್ ಮುಖದಲ್ಲಿ ಕಸ ಇದ್ರೆ ಲೈಟ್ ಏನ್ ಮಾಡ್ತದೆ?" ಅಂದಳು ಪವಿತ್ರಾ.

ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಅವಳಪ್ಪ ಚಾಮಯ್ಯ ಎಚ್ಚರಿಸುವ ಹಾಗೆ ಕೆಮ್ಮಿದ. ಶಶಿಕುಮಾರ ಮಾತ್ರ ನಕ್ಕುಬಿಟ್ಟ. ಅವನು ಹೇಳಿದ್ದು ನೀರಿನೊಳಗಿನ ಕಸದ ವಿಷಯ. ಕಬಿನಿ ಹಿನ್ನೀರು ಮೇಲಿಂದ ಎಷ್ಟೇ ತಿಳಿಯಾಗಿ ಕಂಡರೂ ಒಳಗೆಲ್ಲ ಸಣ್ಣ ಮಣ್ಣಿನ ಕಣ. ಕ್ಯಾಮೆರಾದ ಪಕ್ಕದಲ್ಲೇ ಲೈಟಿಟ್ಟರೆ ಆ ಕಣಗಳೇ ಹೊಳೆದು ಚಿತ್ರವೆಲ್ಲ ಹಾಳು. ಅದಕ್ಕೇ ಎರಡು ಲೈಟುಗಳನ್ನು ಕ್ಯಾಮೆರಾಕ್ಕೆ ಜೋಡಿಸಿದ ಉದ್ದ ಕಂಬಿಗಳ ತುದಿಗೆ ಕಟ್ಟಿ, ಎಡಕ್ಕೊಂದು ಬಲಕ್ಕೊಂದು ದೂರ ಚಾಚಿ, ಸ್ವಲ್ಪ ಹೊರಕ್ಕೆ ತಿರುಗಿಸಬೇಕು. ಮೂರನೆಯದನ್ನು ನೀರಡಿಯ ಕಲ್ಲುಕಂಬದ ಹಿಂದೆ ಅಡಗಿಸಬೇಕು. ನಾಲ್ಕನೆಯದನ್ನು ಮೇಲೆ ತೆಪ್ಪದಿಂದ ಹಗ್ಗದಲ್ಲಿ ಇಳಿಬಿಡಬೇಕು, ನೀರೊಳಗೊಬ್ಬ ಸೂರ್ಯ ಇದ್ದ ಹಾಗೆ.

ಆ ನಾಲ್ಕನೆಯ ಲೈಟಿನ ಹಗ್ಗ ಹಿಡಿಯುವ ಕೆಲಸ ಪವಿತ್ರಾಳ ಪಾಲಿಗೆ ಬಂತು. ಒಂದು ಸಲ ಎಳೆದರೆ ಕೆಳಗಿಳಿಸು, ಎರಡು ಸಲ ಎಳೆದರೆ ಮೇಲೆತ್ತು. ಅವಳಿಗೆ ಕಲಿಸಿದ್ದು ಅಷ್ಟೇ. ಮುಳುಗುವವರು ನೀರಿನೊಳಗೆ ತಮ್ಮತಮ್ಮಲ್ಲಿ ಮಾಡಿಕೊಳ್ಳುವ ಸನ್ನೆಗಳು ಮೇಲೆ ಕೂತವಳಿಗೆ ಯಾಕೆ ಬೇಕು ಅಂತ ಯಾರೂ ಹೇಳಿಕೊಡಲಿಲ್ಲ.

ಶಶಿಕುಮಾರನ ತಂಡದವರು ಸಾಕ್ಷ್ಯಚಿತ್ರ ತೆಗೆಯಲು ಬಂದಿದ್ದು ಮುಳುಗಿಹೋದ ಹಳೇ ಊರನ್ನು. ಅಣೆಕಟ್ಟು ಕಟ್ಟಿದಾಗ ನೀರುಪಾಲಾದ ಆ ಊರಿಗೆ ಪವಿತ್ರಾಳ ಅಜ್ಜಿ ಶಿವರುದ್ರಮ್ಮ ಹೊಸ ಸೊಸೆಯಾಗಿ ಬಂದು ಎರಡೇ ವರ್ಷ ಬಾಳಿದ್ದಳು. ಮಂಟಪದಿಂದ ಎಷ್ಟು ಹೆಜ್ಜೆಗೆ ಬಾವಿ, ಬಾವಿಯಿಂದ ಎಷ್ಟು ಹೆಜ್ಜೆಗೆ ತನ್ನ ಮನೆ ಅನ್ನುವುದು ಮುದುಕಿಗೆ ಇನ್ನೂ ಬಾಯಿಪಾಠ. ಅವಳು ದಂಡೆಯಲ್ಲಿ ಕೂತು ಕೈ ತೋರಿಸುತ್ತಿದ್ದಳು, ಪವಿತ್ರಾ ಆ ಕಡೆಗೆ ತೆಪ್ಪ ನಡೆಸುತ್ತಿದ್ದಳು, ಶಶಿಕುಮಾರ ಮುಳುಗುತ್ತಿದ್ದ.

ಕೆ.ಆರ್. ನಗರದ ಭತ್ತದ ಗದ್ದೆಯ ಹುಡುಗ ಅವನು. ಸಮುದ್ರಕ್ಕೆ ಹೋಗಿ ಮುಳುಗೋದು ಕಲಿತು, ಲೈಟು ಕಲಿತು, ಈಗ ಯಾರು ಕರೆದರೆ ಅಲ್ಲಿಗೆ. ಮಾತು ಕಡಿಮೆ. ಹೇಳಬೇಕಾದ್ದನ್ನೂ ಪಕ್ಕಕ್ಕೆ ನೋಡಿಕೊಂಡು ಹೇಳುವವನು. ಒಮ್ಮೆ ಕೆಳಗಿನಿಂದ ಹಗ್ಗವನ್ನು ಮೂರು ಸಲ ಎಳೆದ. ಮೂರಕ್ಕೆ ಏನು ಮಾಡಬೇಕೋ ತಿಳಿಯದೆ ಪವಿತ್ರಾ ಗಾಬರಿಯಾದಳು. ಅವನು ಮೇಲೆ ಬಂದು ಮುಖವಾಡ ತೆಗೆದ ಕೂಡಲೇ ಕೇಳಿದಳು, ಮೂರು ಅಂದರೆ ಏನು ಅಂತ.

ಅವನು ನೀರಿನ ಕಡೆ ನೋಡುತ್ತಾ, "ಏನಿಲ್ಲ. ಇದೀರಾ ಅಂತ" ಅಂದ.

ಅವತ್ತಿಂದ ದಿನಕ್ಕೆ ಹತ್ತು ಸಲವಾದರೂ ಹಗ್ಗ ಮೂರು ಸಲ ಜಗ್ಗುತ್ತಿತ್ತು. ಇವಳೂ ಮೂರು ಸಲ ಜಗ್ಗುತ್ತಿದ್ದಳು. ಇದ್ದೀನಿ ಅಂತ. ಮೇಲೆ ಕೂತು ಒಬ್ಬಳೇ ನಗುವ ಮಗಳನ್ನು ಕಂಡು ಚಾಮಯ್ಯ, ಇವಳಿಗೆ ಬಿಸಿಲು ನೆತ್ತಿಗೇರಿದೆ ಅಂದುಕೊಂಡ.

ಹತ್ತನೆಯ ದಿನ ಅಜ್ಜಿಯ ಮನೆ ಸಿಕ್ಕಿತು. ನೀರು ಬಣ್ಣಗಳನ್ನು ನುಂಗುತ್ತದೆ, ಅದರಲ್ಲೂ ಕೆಂಪನ್ನು ಎಲ್ಲಕ್ಕಿಂತ ಮೊದಲು ನುಂಗುತ್ತದೆ, ಲೈಟು ಹತ್ತಿರ ಹೋದರೆ ಮಾತ್ರ ತಿರುಗಿ ಕೊಡುತ್ತದೆ ಅಂತ ಶಶಿಕುಮಾರ ಹೇಳಿದ್ದ. ಜಗಲಿಯ ಮೇಲಿನ ಕೆಸರನ್ನು ಅಂಗೈಯಿಂದ ಮೆಲ್ಲಗೆ ಸರಿಸಿ, ನಾಲ್ಕೂ ಲೈಟು ಹಾಕಿಸಿ, ಚಿತ್ರ ತೆಗೆದು ತಂದು ಅಜ್ಜಿಗೆ ತೋರಿಸಿದ. ಬೂದು ಕಲ್ಲುಗಳ ನಡುವೆ ಜಗಲಿಯ ಕೆಂಪು ಗಾರೆ ಮೊನ್ನೆ ಬಳಿದ ಹಾಗೆ ಕಂಡಿತು. ಶಿವರುದ್ರಮ್ಮ ಕ್ಯಾಮೆರಾದ ಪರದೆಯನ್ನು ಸವರಿ, ಅವನ ತಲೆಯನ್ನೂ ಸವರಿದಳು. ಪವಿತ್ರಾಳಿಗೆ ಆವತ್ತೇ ಖಾತ್ರಿಯಾಯಿತು, ಇವನನ್ನು ಬಿಟ್ಟು ಇರುವುದು ತನ್ನಿಂದಾಗದು ಅಂತ.

ಕೊನೆಯ ದಿನ ಸಂಜೆ ಲೈಟುಗಳನ್ನು ಒರೆಸಿ ಪೆಟ್ಟಿಗೆಗೆ ತುಂಬುವಾಗ ಆ ನಾಲ್ಕನೆಯದನ್ನು ಅವಳ ಕೈಗಿಟ್ಟ. ಇಟ್ಟುಕೊಳ್ಳಿ, ನಿಮ್ಮದೇ ಅಂದ. ಆಮೇಲೆ ಪೆಟ್ಟಿಗೆಯ ಬೀಗದ ಜೊತೆ ಮಾತಾಡುವವನ ಹಾಗೆ, "ಪವಿತ್ರಾ, ನಿಮಗೆ ಮನಸ್ಸಿದ್ರೆ ಬೆಳಿಗ್ಗೆ ಬೋಟ್ ಹೊರಡೋದ್ರೊಳಗೆ ದಂಡೆಗೆ ಬನ್ನಿ. ನಿಮ್ಮಪ್ಪನ ಹತ್ರ ಇಬ್ರೂ ಸೇರಿ ಮಾತಾಡಣ. ಬರ್ಲಿಲ್ಲ ಅಂದ್ರೂ ಬೇಜಾರಿಲ್ಲ. ನೀವು ಚೆನ್ನಾಗಿದ್ರೆ ಸಾಕು ನಂಗೆ" ಅಂದ.

ಬರ್ತೀನಿ ಅಂತ ಆಗಲೇ ಹೇಳಬಹುದಿತ್ತು. ಹೆಣ್ಣು ಜೀವ, ನಾಚಿಕೆ. ಒಂದು ರಾತ್ರಿ ತಾನೇ ಅಂದುಕೊಂಡಳು.

ಬೆಳಿಗ್ಗೆ ಅಜ್ಜಿಗೆ ವಿಷಯ ಹೇಳಿದಳು. ಅಜ್ಜಿ ಹಿಗ್ಗಿ, ಇಂಥ ಮಾತಿಗೆ ಚೂಡಿದಾರದಲ್ಲಿ ಹೋಗ್ತಾರಾ, ಸೀರೆ ಉಟ್ಕೊ ಅಂದಳು. ಇವಳೂ ಉಡತೊಡಗಿದಳು. ನೆರಿಗೆ ಒಂದು ಸಲ ಜಾರಿತು, ಎರಡು ಸಲ ಜಾರಿತು. ಎಲ್ಲ ಮುಗಿಸಿ ಓಡೋಡಿ ದಂಡೆಗೆ ಬಂದರೆ ಮಂಜಿನಲ್ಲಿ ಮೋಟಾರು ಬೋಟು ಆಗಲೇ ಅಣೆಕಟ್ಟಿನ ಬಳಿಯ ಬೀಚನಹಳ್ಳಿಯ ಕಡೆ ಮುಖ ಮಾಡಿತ್ತು. ಅವನು ಇಪ್ಪತ್ತು ನಿಮಿಷ ಕಾದು, ಡ್ರೈವರ್ ಬೈದ ಮೇಲೆ ಹತ್ತಿದ್ದನಂತೆ. ಕೂಗಿದಳು. ಮೋಟಾರಿನ ಸದ್ದಿಗೆ ಕೇಳಲಿಲ್ಲ. ಕೈಯಲ್ಲಿದ್ದ ಲೈಟು ಹೊತ್ತಿಸಿ ಗಾಳಿಯಲ್ಲಿ ದೊಡ್ಡದಾಗಿ ಸುತ್ತಿಸಿದಳು.

ಆ ದಂಡೆಯವರಿಗೆಲ್ಲ ಗೊತ್ತಿರುವ ಸನ್ನೆ ಅದು. ಆಚೆ ಕಾಡಿನ ಕಡೆ ಆನೆ ನೀರಿಗಿಳಿದಿದ್ದರೆ, ಗಾಳಿ ಎದ್ದರೆ, ದಂಡೆಯಲ್ಲಿದ್ದವರು ತೆಪ್ಪದಲ್ಲಿದ್ದವರಿಗೆ ಹೀಗೆ ದೀಪ ಸುತ್ತಿಸುತ್ತಾರೆ. ತಿರುಗು, ವಾಪಸ್ ಬಾ ಅಂತ ಅದರ ಅರ್ಥ. ತೆಪ್ಪದವನೂ ಸುತ್ತಿಸಿದರೆ, ತಿರುಗ್ತೀನಿ ಅಂತ.

ಬೋಟಿನಲ್ಲಿ ಶಶಿಕುಮಾರ ಎದ್ದು ನಿಂತ. ತನ್ನ ಲೈಟು ಹೊತ್ತಿಸಿ, ನಿಧಾನವಾಗಿ ಒಂದು ಸುತ್ತು ಸುತ್ತಿಸಿದ.

ಪವಿತ್ರಾಳ ಜೀವಕ್ಕೆ ಸಮಾಧಾನವಾಯಿತು. ತಿರುಗಿ ಬರ್ತಾನೆ. ಇವತ್ತಲ್ಲದಿದ್ದರೆ ಕೆಲಸ ಮುಗಿಸಿಕೊಂಡು ಬರ್ತಾನೆ. ಮಾತು ಕೊಟ್ಟವನನ್ನು ಫೋನ್ ಮಾಡಿ ಪೀಡಿಸುವುದು ಅವಳ ಜಾಯಮಾನವಲ್ಲ. ಯುಗಾದಿಗೆ ಒಂದೇ ಒಂದು ಮೆಸೇಜು ಹಾಕಿದಳು, ಯಾವಾಗ ತಿರುಗೋದು ಅಂತ. ಒಂದೇ ಟಿಕ್ಕು ಬಿತ್ತು, ಎರಡನೆಯದು ಬೀಳಲೇ ಇಲ್ಲ. ಕೆಲಸಕ್ಕೆಂದು ಹೋದ ಅಂಡಮಾನಿನಲ್ಲಿ ಅವನ ಫೋನು ಸಮುದ್ರದ ಪಾಲಾಗಿತ್ತು, ಅಲ್ಲಿ ಬೇರೆ ಸಿಮ್ಮು. ಅದು ಇವಳಿಗೆ ತಿಳಿದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ನೋಡಲು ಬಂದ ಎರಡು ಗಂಡುಗಳನ್ನು ವಾಪಸ್ ಕಳಿಸಿದಳು.

ಹತ್ತು ತಿಂಗಳ ಮೇಲೆ ಅವನು ಬಂದ. ಚಿತ್ರ ಮುಗಿದಿತ್ತು, ಊರವರಿಗೇ ಮೊದಲು ತೋರಿಸಬೇಕೆಂದು ಸ್ಕೂಲಿನ ಕಿಟಕಿಗಳನ್ನೆಲ್ಲ ಮುಚ್ಚಿ ಒಳಗೋಡೆಗೆ ಬಿಳಿ ಬಟ್ಟೆ ಕಟ್ಟಿದ್ದರು. ಬೋಟಿನ ಸದ್ದು ಕೇಳಿ ಪವಿತ್ರಾ ಅದೇ ಸೀರೆ ಉಟ್ಟು ಹೊರಟಳು. ಈ ಸಲ ನೆರಿಗೆ ಒಂದೇ ಸಲಕ್ಕೆ ಕೂತಿತು. ದಂಡೆಗೆ ಹೋಗಿ ನೋಡಿದರೆ ಅವನ ಪಕ್ಕ ಒಬ್ಬ ಹುಡುಗಿ ಇಳಿಯುತ್ತಿದ್ದಳು. ಅನುಶ್ರೀ ಅಂತ, ಅವನ ಸೋದರಮಾವನ ಮಗಳು. ಹೋದ ತಿಂಗಳು ಎಂಗೇಜ್‌ಮೆಂಟ್ ಆಗಿತ್ತು.

ಪಾಪ, ಒಳ್ಳೇ ಹುಡುಗಿ. ಅಜ್ಜಿಗೆ ಅಂತ ಶಾಲು ತಂದಿದ್ದಳು. ಚಿತ್ರ ನೋಡುವಾಗ ಪವಿತ್ರಾಳ ಪಕ್ಕದಲ್ಲೇ ಕೂತಳು. ಚಿತ್ರದ ಕೊನೆಯಲ್ಲಿ ಮಂಜು ಬಂತು, ದೂರ ಸರಿಯುವ ದಂಡೆ ಬಂತು, ದಂಡೆಯಲ್ಲಿ ಸುತ್ತುವ ಒಂದು ಲೈಟು ಬಂತು. ಅಕ್ಕ, ಅದು ನೀವಾ ಅಂತ ಅನುಶ್ರೀ ಕೇಳಿದಳು.

ಶಶಿಕುಮಾರನೇ ಉತ್ತರ ಕೊಟ್ಟ. "ನೀರೊಳಗೆ ಲೈಟ್ ಸುತ್ತಿಸಿದ್ರೆ, ಎಲ್ಲ ಸರಿ ಇದೆ, ನಾನು ಚೆನ್ನಾಗಿದೀನಿ ಅಂತ. ನಮ್ಮನ್ನ ನೋಡಿ ನೋಡಿ ಕಲಿತಿದ್ರು ಅನ್ಸುತ್ತೆ. ಅಷ್ಟು ಹೇಳಿ ಕಳಿಸೋಕೆ ಚಳೀಲಿ ಓಡಿ ಬಂದಿದ್ರಲ್ಲ, ಅದಕ್ಕೇ ನಾನೂ ಹಂಗೇ ಸುತ್ತಿಸ್ದೆ."

ಪವಿತ್ರಾಳಿಗೆ ಎಲ್ಲ ಅರ್ಥವಾಯಿತು. ತಾನು ಕರೆದಿದ್ದನ್ನು ಅವನು ಬೀಳ್ಕೊಟ್ಟಿದ್ದು ಅಂದುಕೊಂಡಿದ್ದ. ಅವನು ಬೀಳ್ಕೊಂಡಿದ್ದನ್ನು ಇವಳು ಮಾತು ಕೊಟ್ಟಿದ್ದು ಅಂದುಕೊಂಡಿದ್ದಳು. ಹತ್ತು ತಿಂಗಳ ಅಳು ಒಟ್ಟಿಗೇ ಬಂತು. ಅಳಲಿಲ್ಲ.

ಅವಳ ಮುಖದಲ್ಲಿ ಅವನಿಗೆ ಏನು ಕಂಡಿತೋ. ಮೊದಲ ಸಲ ಪಕ್ಕಕ್ಕೆ ನೋಡದೆ, ನೇರ ಅವಳನ್ನೇ ನೋಡಿ ಕೇಳಿದ. "ಪವಿತ್ರಾ, ನಿಮ್ಮ ಕಡೆ ಅದಕ್ಕೆ ಬೇರೆ ಅರ್ಥ ಏನಾದ್ರೂ ಇದೆಯಾ?"

ಅನುಶ್ರೀ ಅಜ್ಜಿಯ ಹೆಗಲಿಗೆ ಶಾಲು ಹೊದಿಸುತ್ತಿದ್ದಳು. ಬೆರಳಲ್ಲಿ ಹೊಸ ಉಂಗುರ.

"ಇಲ್ಲ. ನಮ್ಮಲ್ಲೂ ಅದೇಯ," ಅಂದಳು ಪವಿತ್ರಾ.

ಅವನು ಪ್ರೊಜೆಕ್ಟರಿನ ವೈರು ಸುತ್ತತೊಡಗಿದ.

ಹೊತ್ತು ಮುಳುಗುವಾಗ ಬೋಟು ಹೊರಟಿತು. ಪವಿತ್ರಾ ಅಜ್ಜಿಯ ಜೊತೆ ದಂಡೆಯಲ್ಲಿ ನಿಂತಿದ್ದಳು. ಅವನು ತಿರುಗಿ ತಿರುಗಿ ನೋಡುವುದು ಕಾಣುತ್ತಿತ್ತು. ಹೀಗೆ ನೋಡುತ್ತಾ ಹೋದರೆ ಅವನಿಗೂ ನೆಮ್ಮದಿಯಿಲ್ಲ, ಆ ಹುಡುಗಿಗೂ ಇಲ್ಲ. ಲೈಟು ಹೊತ್ತಿಸಿ, ಗಾಳಿಯಲ್ಲಿ ನಿಧಾನವಾಗಿ ಸುತ್ತಿಸಿದಳು. ಈ ಸಲ ಅವನ ಭಾಷೆಯಲ್ಲಿ.

ಶಿವರುದ್ರಮ್ಮ ಅವಳ ಕೈ ನೋಡಿದಳು. "ಯಾರ್ನವ್ವಾ ತಿರುಗು ಅಂತಿದ್ದೀಯೆ?"

"ಯಾರ್ನೂ ಇಲ್ಲ ಅಜ್ಜಿ. ಚೆನ್ನಾಗಿವ್ನಿ ಅಂತ ಹೇಳ್ತಿವ್ನಿ."

ದೂರದ ಬೋಟಿನಲ್ಲಿ ಒಂದು ಲೈಟು ಹೊತ್ತಿತು. ಒಂದು ಸುತ್ತು ಸುತ್ತಿತು.

"ಅಗಾ, ನೋಡು. ತಿರುಗ್ತೀನಿ ಅಂತಾವ್ನೆ," ಅಂದಳು ಅಜ್ಜಿ. ಮುದುಕಿಯ ಮುಖ ಅರಳಿತ್ತು. ಬರೋರಿಗೆ ಕಾಫಿಗೆ ನೀರಿಡ್ತೀನಿ ಅನ್ನುತ್ತಾ ಶಾಲು ಬಿಗಿದುಕೊಂಡು ಮನೆಯ ಕಡೆ ಹೊರಟಳು. ಪವಿತ್ರಾ ಬೇಡ ಅನ್ನಲಿಲ್ಲ. ಮೋಟಾರಿನ ಸದ್ದು ಪೂರ್ತಿ ಅಡಗುವವರೆಗೂ ಲೈಟನ್ನು ಹೊತ್ತಿಸಿಕೊಂಡೇ ನಿಂತಿದ್ದಳು.